ಏಳು ಗಂಟೆಯ ಸೂಜಿ

ಮಗಳು ಬೆಕ್ಕಿನ ಕತ್ತಿನ ಹಿಂದಿನ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಸೂಜಿ ಚುಚ್ಚಿದ್ದೇ ತಡ, ಡುಮ್ಮ ಕಿರುಚಿ, ಅವಳ ಮುಂಗೈ ಪರಚಿ, ಹಿಟ್ಟಿನ ಡಬ್ಬದ ಹಿಂದೆ ಹೋಗಿ ಸೇರಿಕೊಂಡಿತು. ಆದರೆ ಔಷಧಿ ಒಳಗೆ ಹೋಗಿತ್ತು. ನಾಲ್ಕು ಯೂನಿಟ್ಟು, ಒಂದು ಹನಿಯೂ ಆಚೆ ಚೆಲ್ಲಿರಲಿಲ್ಲ. ಹದಿನಾಲ್ಕು ವರ್ಷ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತವಳಿಗೆ ಇಷ್ಟಾದರೂ ಬರಬೇಕಲ್ಲ.

"ಐದು ವರ್ಷದಿಂದ ದಿನಾ ಎರಡು ಸಲ ಚುಚ್ಚಿಸ್ಕೊಂಡಿದೀಯ. ಇವತ್ತೇನು ಹೊಸದಾಗಿ ನಿನ್ನ ರಂಪ?" ಎಂದು ಡಬ್ಬದ ಕಡೆ ನೋಡಿ ಹೇಳಿ, ನಲ್ಲಿಯ ಕೆಳಗೆ ಕೈ ಹಿಡಿದಳು.

ಅಡುಗೆಮನೆಯ ಬಾಗಿಲನ್ನು ಹೊರಗಿನಿಂದ ಎಳೆದು ಮುಚ್ಚಿದ್ದು ಅಪ್ಪ. ಮುಂದಿನ ಕೋಣೆಯಲ್ಲಿ ಅಮ್ಮ ಬಿಳಿ ಹೊದಿಕೆಯಡಿ ಮಲಗಿದ್ದಳು. ನೆನ್ನೆ ಮಧ್ಯಾಹ್ನ ಹೊಲಿಗೆ ಯಂತ್ರದ ಮುಂದೆ ಕೂತವಳು ಹಾಗೇ ಅದರ ಮೇಲೆ ವಾಲಿದ್ದಳಂತೆ. ಎದೆಯ ತೊಂದರೆ ಇತ್ತೆಂದು ಯಾರಿಗೂ ಗೊತ್ತಿರಲಿಲ್ಲ, ಬಹುಶಃ ಅವಳಿಗೂ. ಮಗಳು, ಅಳಿಯ, ಎರಡು ವರ್ಷದ ಮೊಮ್ಮಗಳು ಪುಟ್ಟಿ, ಮೂವರೂ ಬೆಳಗಿನ ಮೊದಲ ಬಸ್ಸಿನಲ್ಲಿ ಬಂದಿಳಿದಿದ್ದರು. ಅಪ್ಪ ಮಗಳನ್ನು ತಬ್ಬಿ ಅತ್ತರು. ಅಳುತ್ತಲೇ ಗೋಡೆಯ ಗಡಿಯಾರ ನೋಡಿದರು.

"ಏಳಾಗ್ತಾ ಬಂತು. ಡುಮ್ಮಂಗೆ ಸೂಜಿ. ನೆನ್ನೆ ಸಂಜೇದೂ ತಪ್ಪಿಹೋಗಿದೆ."

ಸಾವಿನ ಮನೆಯಲ್ಲೂ ಏಳು ಗಂಟೆ ಎಂದರೆ ಏಳು ಗಂಟೆ. ಮಗಳು ಚಪ್ಪಲಿ ಬಿಟ್ಟವಳೇ ಅಡುಗೆಮನೆಗೆ ಹೋದಳು. ಫ್ರಿಜ್ಜಿನ ಮೊಟ್ಟೆ ಇಡುವ ಗೂಡಿನಲ್ಲಿ ಇನ್ಸುಲಿನ್ ಬಾಟಲಿ ಅರ್ಧ ಖಾಲಿಯಾಗಿ ನಿಂತಿತ್ತು. ಕೆಂಪು ಟೋಪಿಯ ಸಿರಿಂಜುಗಳು ಪಕ್ಕದ ಬಟ್ಟಲಲ್ಲಿ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ ಅಮ್ಮನ ದುಂಡು ಅಕ್ಷರ: ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು. ಬೆಕ್ಕಿಗೆ ಬೇಯಿಸಿದ ಮೀನಿನ ಚೂರು ಹಾಕಿದಳು. ಮನೆ ತುಂಬ ಹೊಸಬರು ಬಂದ ಗಾಬರಿಯಲ್ಲಿ ಅದು ಅರ್ಧ ತಿಂದು ಬಿಟ್ಟಿತು. ಬಾಟಲಿಯನ್ನು ಕುಲುಕದೆ ಅಂಗೈಗಳ ನಡುವೆ ಉರುಳಿಸಿ, ಅಳತೆ ನೋಡಿ, ಚುಚ್ಚಿದಳು. ಡುಮ್ಮನ ಕತ್ತಿನ ಹಿಂದೆ ಕೂದಲು ಎಷ್ಟು ಒತ್ತಾಗಿತ್ತೆಂದರೆ ಚರ್ಮ ಹುಡುಕಲು ಬೆರಳಿಂದ ಬಿಡಿಸಬೇಕಾಯಿತು. ಅವಳಿಗೆ ಆಗಲೇ ಅನುಮಾನ ಬರಬೇಕಿತ್ತು. ಆದರೆ ತಾಯಿ ಸತ್ತ ಮಾರನೆಯ ಬೆಳಿಗ್ಗೆ ಯಾರು ಬೆಕ್ಕಿನ ಕೂದಲು ನೋಡುತ್ತಾರೆ.

*

ಐದು ವರ್ಷದ ಹಿಂದೆ ಅಮ್ಮನಿಗೆ ಸೂಜಿ ಹಾಕಲು ಕಲಿಸಿದ್ದು ಮಗಳೇ. ಡುಮ್ಮ ಆಗ ಹೆಸರಿಗೆ ತಕ್ಕಂತೆ ಇತ್ತು. ಇದ್ದಕ್ಕಿದ್ದಂತೆ ಬಟ್ಟಲುಗಟ್ಟಲೆ ನೀರು ಕುಡಿಯಲು ಶುರುಮಾಡಿತು, ಹೊಲಿಯಲು ಬಂದ ಬಟ್ಟೆಯ ಮೇಲೆಲ್ಲ ಉಚ್ಚೆ ಹೊಯ್ಯಿತು, ತಿಂದಷ್ಟೂ ಸೊರಗಿತು. ಪ್ರಾಣಿಗಳ ಡಾಕ್ಟರು ರಕ್ತ ನೋಡಿ ಸಕ್ಕರೆ ಕಾಯಿಲೆ ಎಂದರು. ಹನ್ನೆರಡು ಗಂಟೆಗೊಮ್ಮೆ ಇನ್ಸುಲಿನ್, ತಪ್ಪಿಸುವಂತಿಲ್ಲ.

"ಬೆಕ್ಕಿಗೂ ಶುಗರ್ರಾ?" ಎಂದು ಅಪ್ಪ ನಕ್ಕಿದ್ದರು. ಅವರು ಮನೆ ಮನೆಗೆ ಹೋಗಿ ವಿದ್ಯುತ್ ಮೀಟರ್ ಓದುತ್ತಿದ್ದವರು. ಗೇಟಿನಿಂದ ಕೂಗಿ ಹಿತ್ತಿಲಲ್ಲಿದ್ದವರನ್ನು ಕರೆಯುವ ಗಂಟಲು. ನಿವೃತ್ತರಾದ ಮೇಲೆ ಆ ಗಂಟಲಿಗೆ ಸಿಕ್ಕಿದ್ದು ಒಬ್ಬಳೇ ಗಿರಾಕಿ. ಲೇ, ನನ್ನ ಕನ್ನಡಕ ಎಲ್ಲಿ. ಲೇ, ಉಗುರು ಕತ್ತರಿಸೋದು ಎಲ್ಲಿ. ಕನ್ನಡಕ ಮೂಗಿನ ಮೇಲೇ ಇದ್ದಾಗಲೂ ಒಂದೆರಡು ಸಲ ಕೂಗಿದ್ದುಂಟು. ಮಹಡಿಯಲ್ಲಿ ಅಪ್ಪನ ಅಕ್ಕ, ಮಗಳಿಗೆ ಅತ್ತೆ. ಮಂಡಿ ನೋವು ಎಂದು ಕೆಳಗಿಳಿಯದೆ ಊರುಗೋಲಿನಿಂದ ನೆಲ ಕುಟ್ಟಿ ಕರೆಯುತ್ತಿದ್ದರು. ಅದಕ್ಕೂ ಮೊದಲು ಅಜ್ಜಿ ಹಾಸಿಗೆ ಹಿಡಿದು ಹನ್ನೊಂದು ವರ್ಷ. ಆ ಹನ್ನೊಂದು ವರ್ಷವೂ ಎತ್ತಿ ಕೂರಿಸಿದ್ದು, ತೊಳೆದದ್ದು, ಉಣಿಸಿದ್ದು ಅಮ್ಮ. ಇದರ ನಡುವೆ ಶಾಲೆ ಮಕ್ಕಳ ಸಮವಸ್ತ್ರ ಹೊಲಿದು ಕೊಡುವ ಕೆಲಸ. ಯಾವ ಹೊತ್ತಿಗಾದರೂ ಯಾರಾದರೂ ಬಂದು, ಒಂದು ಗುಂಡಿ ಹಾಕಿಕೊಡಿ ಅಮ್ಮಾ ಎನ್ನುತ್ತಿದ್ದರು. ಅಮ್ಮ ಆಯ್ತು ಎನ್ನುತ್ತಿದ್ದಳು. ಅವಳ ಬಾಯಲ್ಲಿ ಬೇರೆ ಪದ ಇದ್ದಂತೆ ಯಾರಿಗೂ ನೆನಪಿಲ್ಲ.

ಮಗಳು ರಜೆ ಹಾಕಿ ಬಂದು, ಒದ್ದೆ ಸ್ಪಂಜಿಗೆ ನೀರು ಚುಚ್ಚಿಸಿ ಅಭ್ಯಾಸ ಮಾಡಿಸಿದಳು.

"ಸೂಜಿ ಹಿಡಿಯೋದು ನನಗೇನು ಹೊಸದಾ? ನೂಲು ಇಲ್ಲ ಅಷ್ಟೇ," ಎಂದಳು ಅಮ್ಮ.

"ಬೆಕ್ಕು ಗಾಬರಿ ಆಗಬಾರದು. ಸೂಜಿ ಹಾಕೋವಾಗ ಬಾಗಿಲು ಹಾಕ್ಕೋ, ಯಾರೂ ಸದ್ದು ಮಾಡಬಾರದು. ಹಾಕಿದ್ಮೇಲೂ ಸ್ವಲ್ಪ ಹೊತ್ತು ಪಕ್ಕದಲ್ಲೇ ಕೂತು ನೋಡು," ಎಂದು ಹೇಳಿಕೊಟ್ಟು, ಮನೆಯವರಿಗೂ ಕೇಳಿಸುವಂತೆ ಜೋರಾಗಿ ಹೇಳಿದಳು. "ಆ ಅರ್ಧ ಗಂಟೆ ಅಮ್ಮನ್ನ ಯಾರೂ ಕರೀಬೇಡಿ."

ಅಮ್ಮ ಸಿರಿಂಜಿನಿಂದ ಕಣ್ಣೆತ್ತಿ ಮಗಳನ್ನು ನೋಡಿದಳು.

ಆಶ್ಚರ್ಯವೆಂದರೆ ಮನೆಯವರು ಕೇಳಿದರು. ಬೆಕ್ಕಿನ ಜೀವದ ಪ್ರಶ್ನೆ ಎಂದರೆ ಅಪ್ಪ ಕೂಡ ಟೀವಿಯ ಸದ್ದು ತಗ್ಗಿಸಿದರು. ಬೆಳಿಗ್ಗೆ ಏಳು, ಸಂಜೆ ಏಳು. ಬೀದಿಯಲ್ಲಿ ಕೆಲವರು ಅವಳನ್ನು ಏಳು ಗಂಟೆಯಮ್ಮ ಎಂದೇ ಕರೆಯತೊಡಗಿದರು. ಔಷಧಿಯನ್ನು ಮಗಳು ತನ್ನ ಅಂಗಡಿಯಿಂದ ಮಂಜುಗಡ್ಡೆಯ ಪೊಟ್ಟಣದ ಜೊತೆ ಕಟ್ಟಿ ಬಸ್ಸಿನಲ್ಲಿ ಕಳಿಸುತ್ತಿದ್ದಳು. ತಿಂಗಳಿಗೊಂದು ಬಾಟಲಿ, ಐದು ವರ್ಷ, ಒಂದು ತಿಂಗಳೂ ತಪ್ಪದೆ.

*

ಹತ್ತು ಗಂಟೆಗೆ ಮುಂದಿನ ಕೋಣೆ ತುಂಬಿತ್ತು. ಹೂ ತಂದವರು, ಹೂ ತರದವರು, ಸಮವಸ್ತ್ರ ಹೊಲಿಸಿಕೊಂಡ ಮಕ್ಕಳ ತಾಯಂದಿರು. ಶವದ ಗಾಡಿ ಮೂರು ಗಂಟೆಗೆ ಬರುವುದಿತ್ತು. ಅತ್ತೆ ಅಂದು ಮಂಡಿ ಮರೆತು ಕೆಳಗಿಳಿದು ತಲೆದೆಸೆಯಲ್ಲಿ ಕೂತಿದ್ದರು.

"ಒಂದು ದಿನ ಆಗಲ್ಲ ಅಂದೋಳಲ್ಲ," ಎಂದರು ಅತ್ತೆ, ಕಣ್ಣೊರೆಸಿಕೊಂಡು. "ಎಲ್ಲಿಗೂ ಹೋಗಲಿಲ್ಲ ಪಾಪ. ಮಗಳ ಹೆರಿಗೆಗೂ ಹೋಗಲಿಲ್ಲ. ಆ ಬೆಕ್ಕನ್ನ ತಲೆ ಮೇಲೆ ಕೂರಿಸ್ಕೊಂಡಿದ್ಲು."

"ಅದು ಪ್ರಾಣಿ. ಬಾಯಿ ಬರಲ್ಲ. ಬಿಟ್ಟು ಹೋಗೋಕಾಗುತ್ತಾ?" ಎಂದರು ಪಕ್ಕದ ಮನೆಯಾಕೆ.

"ಮಗಳಿಗೆ ಬಾಯಿ ಬರ್ತಿತ್ತಲ್ಲ, ಕರೆದ್ಲು," ಎಂದರು ಅತ್ತೆ.

ಮಗಳು ಕೇಳಿಸದವಳಂತೆ ಹೂವಿನ ದಂಡೆ ಸರಿಪಡಿಸಿದಳು. ಅಳಿಯ ಮಾತ್ರ ಅವಳ ಮುಖ ನೋಡಿ, ಚಹಾ ತರುತ್ತೇನೆಂದು ಎದ್ದು ಹೋದ. ಆ ವಿಷಯ ಬಂದಾಗೆಲ್ಲ ಅವನು ಚಹಾ ತರುತ್ತಿದ್ದ.

*

ಎರಡು ವರ್ಷದ ಹಿಂದೆ, ಏಳು ತಿಂಗಳಿಗೇ ನೀರು ಒಡೆದು ಮಗಳು ಆಸ್ಪತ್ರೆ ಸೇರಿದ್ದಳು. ರಕ್ತದೊತ್ತಡ ಏರಿ ಕಣ್ಣು ಮಂಜಾಗಿತ್ತು. ಮಗು, ತಾಯಿ ಇಬ್ಬರಲ್ಲಿ ಯಾರ ಬಗ್ಗೆಯೂ ಖಾತ್ರಿ ಕೊಡಲಾರೆವು ಎಂದು ಡಾಕ್ಟರು ಅವಳ ಗಂಡನಿಗೆ ಹೊರಗೆ ಹೇಳಿದ್ದು ಅವಳಿಗೆ ಒಳಗೆ ಕೇಳಿಸಿತ್ತು. ಅವಳೇ ಫೋನ್ ಮಾಡಿದಳು.

"ಅಮ್ಮಾ, ಬಾ. ಹದಿನೈದು ದಿನ ಸಾಕು. ನಂಗೆ ಹೆದರಿಕೆ ಆಗ್ತಿದೆ."

ಆ ಕಡೆಯಿಂದ ಅಮ್ಮ ಕೇಳಿದಳು. "ಡುಮ್ಮಂಗೆ ಸೂಜಿ ಯಾರು ಹಾಕ್ತಾರೆ ಮಗಾ?"

"ಡಾಕ್ಟರ ಹತ್ರ ಬಿಡು. ಅಪ್ಪಂಗೆ ಕಲಿಸು."

"ನಿಮ್ಮಪ್ಪನ ಕೈ ಗೊತ್ತಲ್ಲ. ಎರಡು ಹೊತ್ತು ತಪ್ಪಿದ್ರೂ ಜೀವ ಹೋಗುತ್ತೆ ಅಂತ ನೀನೇ ಹೇಳಿದ್ದು. ಅಲ್ಲಿ ನಿಂಗೆ ನಿನ್ನ ಗಂಡನಮ್ಮ ಇದಾರೆ, ನಿನ್ನ ಗಂಡ ಇದಾನೆ. ಆಗಲ್ಲ ಮಗಾ."

ಮಗಳು ಫೋನಿಟ್ಟಳು. ಪುಟ್ಟಿ ಒಂದೂವರೆ ಕೆಜಿಯ ಮಗುವಾಗಿ ಹುಟ್ಟಿ, ಗಾಜಿನ ಪೆಟ್ಟಿಗೆಯಲ್ಲಿ ಮೂರು ವಾರ ಇದ್ದು, ಬದುಕಿಕೊಂಡಿತು. ಎಲ್ಲರೂ ಇದ್ದರು, ಅಮ್ಮ ಇರಲಿಲ್ಲ. ಆ ತಿಂಗಳ ಬಾಟಲಿಯನ್ನೂ ಮಗಳು ತಪ್ಪದೆ ಕಳಿಸಿದಳು. ಪೊಟ್ಟಣ ಕಟ್ಟುವಾಗ ಒಂದು ಕ್ಷಣ, ಮಂಜುಗಡ್ಡೆ ಇಡದೆ ಹಾಗೇ ಕಳಿಸಿಬಿಡೋಣ ಎನಿಸಿತ್ತು. ಆಮೇಲೆ ತನಗೆ ತಾನೇ ಬೈದುಕೊಂಡು ಎರಡು ಪೊಟ್ಟಣ ಇಟ್ಟಿದ್ದಳು. ಬೆಕ್ಕೇನು ಮಾಡಿತ್ತು, ಅದು ಕಾಯಿಲೆಯ ಪ್ರಾಣಿ, ಅಮ್ಮ ಇಲ್ಲದಿದ್ದರೆ ಸಾಯುತ್ತದೆ. ಎರಡು ವರ್ಷ ಅವಳು ಹೀಗೆಯೇ ಅದನ್ನು ಅರಗಿಸಿಕೊಂಡಿದ್ದಳು.

*

ಹನ್ನೊಂದೂವರೆಗೆ ಗೇಟಿನ ಬಳಿ ಒಬ್ಬ ಮುದುಕ ಬಂದು ನಿಂತ. ಅಂಗಿಯ ತೋಳಿನ ಮೇಲೆ ಎಷ್ಟು ತೊಳೆದರೂ ಹೋಗದ ನೀಲಿ, ಹಳದಿ ಬಣ್ಣದ ಕಲೆ. ಬಲಗೈ ತನ್ನಷ್ಟಕ್ಕೆ ತಾನೇ ನಡುಗುತ್ತಿತ್ತು. ಎಡಗೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಕಂದು ನಾಯಿ. ನಾಯಿಯ ಎರಡು ಕಣ್ಣೂ ಹಾಲು ಸುರಿದಂತೆ ಬೆಳ್ಳಗಿದ್ದವು. ಅದು ಬಂದದ್ದೇ ಗೇಟಿನ ಪಕ್ಕದ ಬಕೆಟ್ಟಿಗೆ ಬಾಯಿ ಹಾಕಿ ಬಿಡದೆ ನೀರು ಕುಡಿಯತೊಡಗಿತು.

"ಅದು ಬೋರ್ಡಣ್ಣ ಅಲ್ವಾ?" ಎಂದರು ಪಕ್ಕದ ಮನೆಯಾಕೆ. ಈ ಬೀದಿಯ ಅರ್ಧ ಅಂಗಡಿಗಳ ಹೆಸರು ಬರೆದವನು. ಕೈ ನಡುಕ ಬಂದ ಮೇಲೆ ಬ್ರಶ್ ಕೆಳಗಿಟ್ಟಿದ್ದ. ನಾಯಿಗೂ ಬ್ರಶ್ ಎಂದೇ ಹೆಸರು. ಮರಿಯಾಗಿದ್ದಾಗ ಬಾಲವನ್ನು ಬಣ್ಣದ ಡಬ್ಬಕ್ಕೆ ಅದ್ದಿ ಅವನು ಬರೆದಿಟ್ಟ ಬೋರ್ಡಿಗೆಲ್ಲ ಒರೆಸಿತ್ತಂತೆ.

"ನಾಯೀನ ಆಚೆ ಕಟ್ಟಪ್ಪ," ಎಂದರು ಅತ್ತೆ. ಅವನು ಕಟ್ಟಿ ಬಂದು, ಅಮ್ಮನ ಕಾಲ ಬಳಿ ನಿಂತು ಮಕ್ಕಳಂತೆ ಅತ್ತ. ಮನೆಗೆ ಸಂಬಂಧವಿಲ್ಲದವನು ಇಷ್ಟು ಅಳುವುದನ್ನು ಕಂಡು ಸಂಬಂಧಿಕರಿಗೆ ಇರುಸುಮುರುಸಾಯಿತು. ಮಗಳು ಇವನ ಹೆಸರನ್ನು ಅಮ್ಮನ ಬಾಯಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಆಗ ಪುಟ್ಟಿ ಅಡುಗೆಮನೆಯಿಂದ ಬಂದು ಅವಳ ಸೆರಗು ಜಗ್ಗಿತು. "ಬೆಕ್ಕು ಬಿತ್ತು."

ಡುಮ್ಮ ನೆಲದ ಮೇಲೆ ಹಿಂಗಾಲು ಎಳೆಯುತ್ತ ಒಂದು ಸುತ್ತು ಹಾಕಿ, ಕುಡಿದವರಂತೆ ವಾಲಿ, ಮಗ್ಗುಲಾಗಿ ಬಿತ್ತು. ಬಾಯಿಯಿಂದ ನೊರೆ ಇಳಿಯುತ್ತಿತ್ತು. ಮಗಳು ಅದರ ಪಕ್ಕ ಮಂಡಿಯೂರಿದಳು. ಅವಳ ಬೆನ್ನ ಹಿಂದೆ ಬಂದು ನಿಂತ ಬೋರ್ಡಣ್ಣ ನೋಡಿ, ಸಣ್ಣ ದನಿಯಲ್ಲಿ ಕೇಳಿದ.

"ಸೂಜಿ ಹಾಕಿದ್ರಾ ಇದಕ್ಕೆ?"

"ಹಾಕದೆ? ನಾಲ್ಕು ಯೂನಿಟ್ಟು. ಅಮ್ಮ ದಿನಾ ಹಾಕ್ತಿದ್ದಷ್ಟೇ."

"ಅಯ್ಯೋ ತಾಯಿ. ಅದಕ್ಕೆ ಬೇಡ ಆಗಿ ಮೂರು ವರ್ಷ ಆಯ್ತು. ಸಕ್ಕರೆ ನೀರು, ಬೇಗ. ಒಸಡಿಗೆ ಉಜ್ಜಿ, ಗಂಟಲಿಗೆ ಸುರೀಬೇಡಿ."

ಅವಳಿಗೂ ಅದು ಗೊತ್ತಿತ್ತು. ಅಂಗಡಿಗೆ ಬಂದ ಎಷ್ಟೋ ಜನಕ್ಕೆ ಅವಳೇ ಹೇಳಿದ್ದಳು. ಸಕ್ಕರೆಯನ್ನು ಎರಡು ಚಮಚ ನೀರಲ್ಲಿ ಕದಡಿ, ಬೆರಳಿಗೆ ಮೆತ್ತಿಕೊಂಡು ಬೆಕ್ಕಿನ ಒಸಡಿಗೆ ಉಜ್ಜಿದಳು. ಇನ್ನೊಂದು ಕೈಯಲ್ಲಿ ಪ್ರಾಣಿಗಳ ಡಾಕ್ಟರಿಗೆ ಫೋನ್ ಮಾಡಿ, ನೆಲದ ಮೇಲಿಟ್ಟು, ಸದ್ದು ಜೋರು ಮಾಡಿದಳು.

"ಇನ್ಸುಲಿನ್ ಹಾಕಿದ್ರಾ? ಯಾಕೆ ಹಾಕಿದ್ರಿ?" ಎಂದರು ಡಾಕ್ಟರು. "ಅದರ ಸಕ್ಕರೆ ಪೂರ್ತಿ ಹತೋಟಿಗೆ ಬಂದು ಮೂರು ವರ್ಷ ಆಯ್ತಲ್ಲಮ್ಮ. ಕೆಲವು ಬೆಕ್ಕುಗಳಲ್ಲಿ ಹಾಗಾಗುತ್ತೆ. ಬೇಗ ಚಿಕಿತ್ಸೆ ಶುರು ಮಾಡಿ, ತೂಕ ಇಳಿಸಿ, ಸರಿಯಾಗಿ ಮಾಡಿದ್ರೆ ಆಮೇಲೆ ಸೂಜೀನೇ ಬೇಡ. ನಾಯಿಗಳಿಗೆ ಆ ಅದೃಷ್ಟ ಇಲ್ಲ, ಅವಕ್ಕೆ ಸಾಯೋ ತನಕ ಬೇಕು. ನಿಮ್ಮ ತಾಯಿ ಕೈಲಿ ಗುಣ ಇತ್ತು. ಅವರಿಗೆ ನಾನೇ ಹೇಳಿ ನಿಲ್ಲಿಸಿದ್ದು. ನಿಮಗೆ ಹೇಳಿರಲಿಲ್ವಾ?"

ಅಡುಗೆಮನೆಯ ಬಾಗಿಲಲ್ಲಿ ಅಪ್ಪ ನಿಂತಿದ್ದರು. ಅವರ ಹಿಂದೆ ಅತ್ತೆ, ಅತ್ತೆಯ ಹಿಂದೆ ಇನ್ನೂ ನಾಲ್ಕು ತಲೆ. ಡಾಕ್ಟರ ದನಿ ಎಲ್ಲರಿಗೂ ಕೇಳಿಸಿತ್ತು.

ಹತ್ತು ನಿಮಿಷದ ಮೇಲೆ ಬೆಕ್ಕು ತಲೆ ಎತ್ತಿತು. ಇನ್ನೂ ಹತ್ತು ನಿಮಿಷಕ್ಕೆ ಮೀನಿನ ತಟ್ಟೆ ಹುಡುಕಿತು. ಸಂಜೆಯವರೆಗೂ ಗಂಟೆಗೊಮ್ಮೆ ತಿನ್ನಿಸುತ್ತಿರಿ ಎಂದು ಹೇಳಿ ಡಾಕ್ಟರು ಫೋನಿಟ್ಟರು. ಮಗಳು ಅಂಟು ಬೆರಳುಗಳನ್ನು ಸೀರೆಗೇ ಒರೆಸಿಕೊಂಡು ಎದ್ದಳು. ಅವಳ ಮುಖ ನೋಡಿ ಬಾಗಿಲ ಬಳಿಯ ಗುಂಪು ತಾನಾಗಿಯೇ ಕರಗಿತು. ಅಪ್ಪ ಮಾತ್ರ ಉಳಿದರು.

"ಹಾಗಾದ್ರೆ ನಾನು ಕಳಿಸಿದ ಬಾಟ್ಲಿಗಳು?" ಎಂದಳು.

ಬೋರ್ಡಣ್ಣ ಹಿತ್ತಿಲ ಬಾಗಿಲ ಕಡೆ ನೋಡಿದ. ಆ ಬಾಗಿಲಾಚೆ ಮೂರು ಮೆಟ್ಟಿಲು, ಸಣ್ಣ ಅಂಗಳ, ಓಣಿಗೆ ಹೋಗುವ ತಗಡಿನ ಗೇಟು. ಹೇಳದೆ ಅವನಿಗೆ ಉಪಾಯವಿರಲಿಲ್ಲ.

"ನಿಮ್ಮ ಬೆಕ್ಕಿಗೆ ಸೂಜಿ ಬೇಡ ಅಂತ ಡಾಕ್ಟರು ಹೇಳಿದ ದಿನಾನೇ, ಅದೇ ಬೆಂಚಿನ ಮೇಲೆ, ನನ್ನ ಬ್ರಶ್‌ಗೆ ಸೂಜಿ ಬೇಕು ಅಂತ ಹೇಳಿದ್ರು. ಈ ಕೈಲಿ ಹೆಂಗೆ ಹಾಕ್ಲಿ ನಾನು? ಔಷಧಿ ಎಳ್ಕೊಳ್ಳೋಕೇ ಆಗಲಿಲ್ಲ. ಇದನ್ನ ಸೂಜಿ ಕೊಟ್ಟು ಶಾಶ್ವತವಾಗಿ ಮಲಗಿಸಿಬಿಡಿ ಅಂದುಬಿಟ್ಟೆ ಡಾಕ್ಟರಿಗೆ. ನಿಮ್ಮ ತಾಯಿ ಪಕ್ಕದಲ್ಲೇ ಕೂತಿದ್ರು. ಸಂಜೆ ಏಳಕ್ಕೆ ನಮ್ಮ ಹಿತ್ತಿಲಿಗೆ ಕರ್ಕೊಂಡು ಬನ್ನಿ ಅಂದ್ರು. ಆ ಹೊತ್ತಲ್ಲಿ ನನ್ನನ್ನ ಯಾರೂ ಕರೆಯಲ್ಲ ಅಂದ್ರು."

"ಮೂರು ವರ್ಷ?"

"ದಿನಾ ಎರಡು ಸಲ."

ಅಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ನಾನು ಆಚೆ ಟೀವಿ ಸದ್ದು ಕಡಿಮೆ ಮಾಡ್ಕೊಂಡು ಕೂತಿರ್ತಿದ್ದೆ," ಎಂದರು. ಯಾರಿಗೆ ಹೇಳಿದರೆಂದು ಅವರಿಗೇ ತಿಳಿದಂತಿರಲಿಲ್ಲ. "ಮೂರು ವರ್ಷ. ಕೆಮ್ಮು ಬಂದ್ರೂ ತಡ್ಕೊಂಡು."

"ನಾನು ಒಳಗೆ ಬಂದೋನಲ್ಲ ಯಜಮಾನರೇ. ಮೆಟ್ಟಿಲ ಮೇಲೆ ಕೂರ್ತಿದ್ದೆ. ಮಾತೂ ಹೆಚ್ಚಿರ್ತಿರಲಿಲ್ಲ. ಅವರು ಸೂಜಿ ಹಾಕಿ, ಕಾಲು ಚಾಚ್ಕೊಂಡು ಸುಮ್ನೆ ಕೂರೋರು. ಒಂದೊಂದು ದಿನ ಹಾಗೇ ನಿದ್ದೆ ಹೋಗೋರು. ನಾನು ಸದ್ದು ಮಾಡದೆ ಎದ್ದು ಹೋಗ್ತಿದ್ದೆ."

ಅಪ್ಪನಿಗೆ ಅದು ಸಮಾಧಾನವೋ ಇನ್ನೊಂದು ಏಟೋ, ಮುಖ ನೋಡಿದರೆ ತಿಳಿಯುತ್ತಿರಲಿಲ್ಲ. ನಲವತ್ತು ವರ್ಷ ಜೊತೆಗಿದ್ದ ಹೆಂಡತಿ ಕಾಲು ಚಾಚಿ ಕೂತದ್ದನ್ನು ಅವರು ಕಂಡಿರಲಿಲ್ಲ. ಅವರು ಹಿಂದಿರುಗಿ ಹೋಗಿ ಹೆಂಡತಿಯ ಪಕ್ಕದ ಕುರ್ಚಿಯಲ್ಲಿ ಕೂತು, ಅವಳ ಮುಖ ಬಿಟ್ಟು ಬೇರೆಲ್ಲ ಕಡೆ ನೋಡಿದರು.

ಮಗಳು ತಗ್ಗಿದ ದನಿಯಲ್ಲಿ ಕೇಳಿದಳು. ಅವಳಿಗೆ ಬೇಕಿದ್ದುದು ಒಂದೇ ಉತ್ತರ.

"ನಾನು ಆಸ್ಪತ್ರೇಲಿ ಸಾಯ್ತಿದ್ದಾಗ, ಬಾ ಅಂತ ಅಮ್ಮಂಗೆ ಫೋನ್ ಮಾಡಿದ್ದೆ. ಅದು ಗೊತ್ತಾ ನಿಮಗೆ?"

"ಗೊತ್ತು. ಅವತ್ತು ನಾನಿಲ್ಲೇ ಇದ್ದೆ. ಹೋಗಿ ಅಂದೆ. ನಾಯಿದು ಹೆಂಗೋ ಆಗುತ್ತೆ, ಆಗದಿದ್ರೆ ಹೋಗುತ್ತೆ, ಮಗಳು ಮುಖ್ಯ ಅಂದೆ."

"ಅದಕ್ಕೆ ಏನಂದ್ಲು?"

ಬೋರ್ಡಣ್ಣ ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದ. "ಹೇಳೋದು ಬೇಡಮ್ಮ. ಸತ್ತೋರ ಮಾತು."

"ಹೇಳಿ."

"ಅಲ್ಲಿಗೆ ಹೋದ್ರೆ ಎತ್ತೋದು, ತೊಳೆಯೋದು, ಉಣಿಸೋದು ಮತ್ತೆ ಮೊದಲಿಂದ ಶುರು, ನನ್ನ ಕೈಲಿ ಇನ್ನಾಗಲ್ಲ ಅಂದ್ರು. ಆಮೇಲೆ ತುಂಬ ಅತ್ರು. ಜೀವಮಾನದಲ್ಲಿ ಒಂದು ಸಲ ಆಗಲ್ಲ ಅಂದೆ, ಅದನ್ನ ಯಾರಿಗೆ ಅಂದೆ ನೋಡಿ, ಅಂದ್ರು."

ಮಗಳು ಅಳಲಿಲ್ಲ. ಬೆಕ್ಕಿಗಾಗಿ ಬರಲಿಲ್ಲ ಎಂದುಕೊಂಡು ಎರಡು ವರ್ಷ ಕ್ಷಮಿಸಿದ್ದೆಲ್ಲ ಒಂದೇ ಸಲಕ್ಕೆ ವಾಪಸ್ಸು ಬಂದಿತ್ತು. ಕಣ್ಣಿಗೆ ಮಣ್ಣೆರಚಲು ಅಮ್ಮ ಬಳಸಿದ್ದು ಬೇರೆ ಯಾರದನ್ನೂ ಅಲ್ಲ, ಮಗಳೇ ಹೇಳಿಕೊಟ್ಟ ಮಾತುಗಳನ್ನು, ಮಗಳೇ ಕಟ್ಟಿ ಕಳಿಸಿದ ಬಾಟಲಿಗಳನ್ನು. ಎಷ್ಟು ಹಾಕ್ತಿದೀಯ ಎಂದು ಅವಳು ಪ್ರತಿ ತಿಂಗಳೂ ಕೇಳಿದ್ದಳು. ಅದೇ ನಾಲ್ಕು, ಎಂದಿದ್ದಳು ಅಮ್ಮ, ಪ್ರತಿ ತಿಂಗಳೂ.

ಆಚೆ ಕಟ್ಟಿದ್ದ ನಾಯಿ ಕುಂಯ್‌ಗುಟ್ಟಿತು. ಬೋರ್ಡಣ್ಣ ನೆಲ ನೋಡುತ್ತಾ ಹೇಳಿದ.

"ಕೇಳೋ ಹೊತ್ತಲ್ಲ ಇದು. ನೆನ್ನೆ ಸಂಜೆ, ಇವತ್ತು ಬೆಳಿಗ್ಗೆ, ಎರಡೂ ತಪ್ಪಿದೆ ಅದಕ್ಕೆ. ನೆನ್ನೆಯಿಂದ ನೀರು ಕುಡೀತಾನೇ ಇದೆ."

ಮಗಳು ಫ್ರಿಜ್ ತೆರೆದಳು. ಅರ್ಧ ತುಂಬಿದ ಬಾಟಲಿಯನ್ನು ತೆಗೆದು ಅವನ ಮುಂದೆ ಹಿಡಿದಳು. ಅವನು ಕೈ ಚಾಚಿದ. ಅವಳು ಅದನ್ನು ಒಯ್ದು ಕಸದ ಬುಟ್ಟಿಗೆ ಹಾಕಿದಳು.

"ಇದು ನಮ್ಮ ಬೆಕ್ಕಿಗೆ ಅಂತ ಕಳಿಸಿದ್ದು. ನಮ್ಮ ಬೆಕ್ಕು ಹುಷಾರಾಗಿದೆ. ಇನ್ನು ಈ ಗೇಟಿಗೆ ಬರಬೇಡಿ."

ಅವನು ತಲೆಯಾಡಿಸಿದ. ಬೇಡಲಿಲ್ಲ. ಮುಂದಿನ ಕೋಣೆಗೆ ಹೋಗಿ ಅಮ್ಮನಿಗೆ ಇನ್ನೊಮ್ಮೆ ಕೈಮುಗಿದು, ನಾಯಿಯ ಹಗ್ಗ ಬಿಚ್ಚಿಕೊಂಡು ಹೋದ.

*

ಮೂರು ಗಂಟೆಗೆ ಗಾಡಿ ಬಂತು. ಎಲ್ಲ ಮುಗಿಸಿ ಮನೆಗೆ ಬಂದಾಗ ಆರೂಕಾಲು. ಅಮ್ಮ ಮಲಗಿದ್ದ ಜಾಗವನ್ನು ಯಾರೋ ಒರೆಸಿದ್ದರು. ಹೊಲಿಗೆ ಯಂತ್ರದ ಸೂಜಿಯಡಿ ಅರ್ಧ ಹೊಲಿದ ನೀಲಿ ತೋಳು ಹಾಗೇ ಸಿಕ್ಕಿಕೊಂಡಿತ್ತು. ಯಂತ್ರದ ಮೇಲೆ ಡುಮ್ಮ, ಹೊಟ್ಟೆ ತುಂಬ ತಿಂದು, ನಿಶ್ಚಿಂತೆಯಿಂದ ಮಲಗಿತ್ತು. ಅಳಿಯ ಚಹಾ ಮಾಡಿದ. ಅಪ್ಪ ಟೀವಿ ಹಾಕಿದರು. ಅತ್ತೆ ತಮ್ಮನ ಮುಖ ನೋಡಿ ಮಹಡಿ ಹತ್ತಿದರು.

ಮಗಳು ಲೋಟ ತೊಳೆಯಲು ಅಡುಗೆಮನೆಗೆ ಹೋದಳು. ಏಳಕ್ಕೆ ಇನ್ನೂ ಎರಡು ಮೂರು ನಿಮಿಷವಿತ್ತು. ಹಿತ್ತಿಲ ಬಾಗಿಲಿನ ಕೆಳಗೆ ಏನೋ ಕೆರೆಯುವ ಸದ್ದು. ತೆರೆದಳು.

ಬ್ರಶ್ ಮೇಲಿನ ಮೆಟ್ಟಿಲ ಮೇಲೆ ಕೂತಿತ್ತು. ಕೊರಳಿಂದ ಹಗ್ಗ ನೆಲಕ್ಕೆ ಇಳಿದಿತ್ತು. ಹಿಡಿದವರಿಲ್ಲ. ಕಣ್ಣು ಕಾಣದ ನಾಯಿ ಓಣಿ ದಾಟಿ, ಸಂದು ಬಿಟ್ಟ ಗೇಟನ್ನು ಮೂತಿಯಿಂದ ತಳ್ಳಿ, ಮೂರು ಮೆಟ್ಟಿಲು ಹತ್ತಿ ಬಂದಿತ್ತು. ಓಣಿಯ ತುದಿಯಿಂದ ಬೋರ್ಡಣ್ಣ ಏದುಸಿರು ಬಿಡುತ್ತಾ ಬಂದ. ಗೇಟಿನ ತನಕ ಬಂದವನು ಅಲ್ಲೇ ನಿಂತುಬಿಟ್ಟ. ಬರಬೇಡಿ ಎಂದಿದ್ದಳಲ್ಲ, ಕಾಲನ್ನು ಗೆರೆಯಾಚೆಯೇ ಇಟ್ಟುಕೊಂಡಿದ್ದ.

"ಕೈ ತಪ್ಪಿಸ್ಕೊಂಡು ಬಂದುಬಿಡ್ತು," ಎಂದ. "ಕರ್ಕೊಂಡು ಹೋಗ್ತೀನಿ. ಬ್ರಶ್, ಬಾರೋ."

ನಾಯಿ ಕದಲಲಿಲ್ಲ. ಅದರ ನಾಲಿಗೆ ಒಣಗಿ ಅಂಟಂಟಾಗಿತ್ತು. ಮೂಗು ಎತ್ತಿ ಮಗಳ ಕಡೆಯ ಗಾಳಿಯನ್ನು ಮೂಸಿತು. ಬೇರೆ ಯಾರೋ ಎಂದು ಅದಕ್ಕೆ ಗೊತ್ತಾಗಿರಬೇಕು. ಬಾಲ ಒಂದು ಸಲ ಆಡಿ ನಿಂತಿತು.

"ನನ್ನ ಪಾಲಿನದನ್ನ ತಿಂದಿದ್ದು ನೀನೇ ಅಲ್ವಾ," ಎಂದಳು ಮಗಳು, ನಾಯಿಗೆ ಮಾತ್ರ ಕೇಳುವಷ್ಟು ಸಣ್ಣಗೆ. ಬೆಳಗಿನಿಂದ ಬಾರದ ಅಳು ಆಗ ಬಂತು, ಅಮ್ಮನ ಮೇಲಿನ ಸಿಟ್ಟನ್ನು ಒಂದಿಷ್ಟೂ ತೊಳೆಯದ ಅಳು. ಅಳುತ್ತಲೇ ಒಳಗೆ ಹೋಗಿ ಕಸದ ಬುಟ್ಟಿಗೆ ಕೈ ಹಾಕಿದಳು. ಬಾಟಲಿಗೆ ಅಂಟಿದ ಚಹಾ ಚರಟ ಒರೆಸಿದಳು. ಅಂಗೈಗಳ ನಡುವೆ ಇಟ್ಟು ಉರುಳಿಸಿದಳು.

"ತಿಂದಿದೆಯಾ?" ಎಂದು ಗೇಟಿನ ಕಡೆ ಕೇಳಿದಳು.

"ಈಗ ತಿಂತು."

"ಎಷ್ಟು ಹಾಕ್ತಿದ್ಲು?"

"ಆರು."

ಮುಂದಿನ ಕೋಣೆಯಲ್ಲಿ ಪುಟ್ಟಿ ಅಮ್ಮಾ ಎಂದು ಕೂಗಿತು. ಇನ್ನೊಮ್ಮೆ ಕೂಗಿತು. ಆಮೇಲೆ ಟೀವಿಯ ಸದ್ದು ತಗ್ಗಿತು, ಕುರ್ಚಿ ಸರಿಯಿತು, ಅಪ್ಪನ ಹೆಜ್ಜೆಗಳು ಬಾಗಿಲ ತನಕ ಬಂದು ನಿಂತವು. ಅಪ್ಪ ಒಳಗೆ ಇಣುಕಲಿಲ್ಲ. ಹೊರಗಿನಿಂದ ಬಾಗಿಲನ್ನು ಎಳೆದು ಮುಚ್ಚಿದರು.

"ಶ್," ಎಂದದ್ದು ಕೇಳಿಸಿತು. "ಏಳು ಗಂಟೆ."

ಮಗಳು ಮೆಟ್ಟಿಲ ಮೇಲೆ ಕೂತಳು. ಸೂಜಿಯ ಟೋಪಿ ತೆಗೆದ ಸಣ್ಣ ಸದ್ದಿಗೇ ನಾಯಿ ಎದ್ದು, ತಿರುಗಿ, ಅವಳ ಮೊಣಕಾಲಿಗೆ ಬೆನ್ನು ಒತ್ತಿ ಕತ್ತು ಬಗ್ಗಿಸಿತು. ಅದರ ಕತ್ತಿನ ಹಿಂದೆ ಕೂದಲು ಪೂರ್ತಿ ಸವೆದು, ಹೆಬ್ಬೆರಳು ಒಂದು ಕಡೆ, ತೋರುಬೆರಳು ಇನ್ನೊಂದು ಕಡೆ ಕೂರುವಷ್ಟು ಎರಡು ಬೋಳು ಗುರುತು ಬಿದ್ದಿತ್ತು. ಮಗಳು ತನ್ನ ಬೆರಳುಗಳನ್ನು ಅಲ್ಲಿಟ್ಟಳು. ನಾಯಿ ಕತ್ತು ಬಗ್ಗಿಸಿಕೊಂಡೇ ಕಾಯುತ್ತಿತ್ತು.